ಅಗಸ್ತ್ಯ ನಕ್ಷತ್ರ: ಹೆಸರಿನ ಹಿಂದಿನ ಭೂಗೋಳ

ಬಾದಾಮಿಯ ಗುಹೆಗಳ ಕೆಳಗಿರುವ ಕೆರೆಯ ಹೆಸರು ಅಗಸ್ತ್ಯ ತೀರ್ಥ. ಊರಿನ ಹಳೆಯ ಹೆಸರು ವಾತಾಪಿ, ಕ್ರಿ.ಶ. 543ರ ಬಂಡೆಗಲ್ಲಿನ ಶಾಸನದಲ್ಲೇ ಅದು ಇದೆ. ವಾತಾಪಿ ಎಂಬ ಅಸುರನನ್ನು ಅಗಸ್ತ್ಯ ಮುನಿ ಜೀರ್ಣಿಸಿಕೊಂಡ ಕಥೆ ಮಹಾಭಾರತದಲ್ಲಿದೆ. ಇದೇ ಮುನಿಯ ಹೆಸರಿನ ನಕ್ಷತ್ರವೊಂದು ದಕ್ಷಿಣಾಕಾಶದಲ್ಲಿದೆ. ಲುಬ್ಧಕವನ್ನು ಬಿಟ್ಟರೆ ರಾತ್ರಿಯ ಆಕಾಶದಲ್ಲಿ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ ಇದೇ. ದೂರ ಸುಮಾರು 310 ಜ್ಯೋತಿರ್ವರ್ಷ.

ವಿಂಧ್ಯವನ್ನು ದಾಟಿ ದಕ್ಷಿಣಕ್ಕೆ ಬಂದ ಅಗಸ್ತ್ಯ ಮರಳಲಿಲ್ಲ ಎನ್ನುತ್ತದೆ ಪುರಾಣ. ನಕ್ಷತ್ರದ ಸ್ಥಾನವೂ ಇದಕ್ಕೆ ಒಪ್ಪುತ್ತದೆ. ಅದು ಖಗೋಳದ ವಿಷುವದ್ವೃತ್ತದಿಂದ ಸುಮಾರು 53 ಡಿಗ್ರಿ ದಕ್ಷಿಣಕ್ಕಿದೆ. ಹಾಗಾಗಿ ದೆಹಲಿಯಲ್ಲಿ ದಿಗಂತದಿಂದ ಹೆಚ್ಚೆಂದರೆ 9 ಡಿಗ್ರಿ ಮೇಲೇರಿದರೆ, ಬಾಗಲಕೋಟೆಯಲ್ಲಿ 21 ಡಿಗ್ರಿ ಏರುತ್ತದೆ. ದಕ್ಷಿಣಕ್ಕೆ ನಡೆದಷ್ಟೂ ಅದು ಎತ್ತರಕ್ಕೆ ಬರುತ್ತದೆ. ಹಾಗೆಂದು ಬಾದಾಮಿಯ ಕೆರೆಯಿಂದಲೇ ನಕ್ಷತ್ರಕ್ಕೆ ಹೆಸರು ಬಂತೆನ್ನಲು ಆಧಾರವಿಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅಗಸ್ತ್ಯೋದಯದ ದಿನ ಊರಿಂದ ಊರಿಗೆ ಬೇರೆಯಾಗುವುದರಿಂದ ಅದನ್ನು ಗಣಿತದಿಂದ ತಿಳಿಯಬೇಕೆಂದೂ ಹೇಳಿದ್ದಾನೆ.

ಗ್ರೀಕರು ಇದನ್ನು ಕನೋಪಸ್ ಎಂದರು. ಅದು ಟ್ರಾಯ್ ಯುದ್ಧದಿಂದ ಮರಳುವಾಗ ಮಡಿದ ನಾವಿಕನ ಹೆಸರೆಂಬ ಕಥೆಯಿದೆ. ಎರಡನೆಯ ಶತಮಾನದ ಟಾಲೆಮಿ ಇದನ್ನು ಆರ್ಗೋ ಎಂಬ ಹಡಗಿನ ಪುಂಜದಲ್ಲಿ, ಚುಕ್ಕಾಣಿಯ ಜಾಗದಲ್ಲಿ ಇಟ್ಟ. ಆ ಪುಂಜ ತೀರ ದೊಡ್ಡದಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ಲಕಾಯ್ ಅದನ್ನು ಕರೀನ, ಪಪ್ಪಿಸ್, ವೇಲ ಎಂದು ವಿಂಗಡಿಸಿದ: ಹಡಗಿನ ಅಡಿಮರ, ಹಿಂಭಾಗ, ಹಾಯಿ. 1922ರಲ್ಲಿ ಒಪ್ಪಿದ 88 ಪುಂಜಗಳಲ್ಲಿ ಈ ಮೂರೂ ಇವೆ. ಅಗಸ್ತ್ಯ ಇರುವುದು ಕರೀನದಲ್ಲಿ.

ಕ್ರಿ.ಪೂ. ಒಂದನೆಯ ಶತಮಾನದ ಪೊಸಿಡೋನಿಯಸ್ ಇದೇ ನಕ್ಷತ್ರದಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದ. ರೋಡ್ಸ್ ದ್ವೀಪದಲ್ಲಿ ದಿಗಂತವನ್ನು ಮುಟ್ಟುವ ನಕ್ಷತ್ರ ಅಲೆಕ್ಸಾಂಡ್ರಿಯದಲ್ಲಿ ಏಳೂವರೆ ಡಿಗ್ರಿ ಏರುತ್ತದೆಂದು ಅವನು ಎಣಿಸಿದ. ನಿಜವಾದ ವ್ಯತ್ಯಾಸ ಸುಮಾರು 5 ಡಿಗ್ರಿ ಮಾತ್ರ. ಆದರೆ ವಿಧಾನ ಸರಿಯಾಗಿತ್ತು.

ಇದನ್ನು ನಮ್ಮ ಶಾಲೆಗಳೂ ಮಾಡಬಹುದು. ಫೆಬ್ರವರಿ ಮಧ್ಯದಲ್ಲಿ ರಾತ್ರಿ 9 ಗಂಟೆಗೆ ಅಗಸ್ತ್ಯ ನೇರ ದಕ್ಷಿಣದಲ್ಲಿರುತ್ತದೆ. ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಅದರ ಎತ್ತರವನ್ನು ಅಳೆಯಿರಿ. ಬಾದಾಮಿ, ಹುನಗುಂದ, ಇಳಕಲ್ಲುಗಳ ಅಕ್ಷಾಂಶ ಹೆಚ್ಚುಕಡಿಮೆ ಒಂದೇ. ಅಲ್ಲಿಯ ಅಳತೆಗಳು ಒಂದಕ್ಕೊಂದು ತಾಳೆಯಾಗಬೇಕು. ಚಾಮರಾಜನಗರದ ಶಾಲೆಯೊಂದು ಅಂದೇ ಅಳೆದರೆ ಬಾಗಲಕೋಟೆಗಿಂತ ಸುಮಾರು 4 ಡಿಗ್ರಿ ಹೆಚ್ಚು ಸಿಗುತ್ತದೆ. ಎರಡೂರುಗಳ ಉತ್ತರ-ದಕ್ಷಿಣ ಅಂತರ ಸುಮಾರು 470 ಕಿ.ಮೀ. ಭೂಮಿಯ ಸುತ್ತಳತೆ ಎಷ್ಟೆಂಬುದನ್ನು ಮಕ್ಕಳೇ ಲೆಕ್ಕಹಾಕಲಿ.