ಬಾವಿ, ಬಡ್ಡಿ, ಬದನೆಕಾಯಿ: ಮರೆಗೆ ಸರಿದ ಕನ್ನಡ ಶಾಸ್ತ್ರಗ್ರಂಥಗಳು

ಮಧ್ಯಕಾಲೀನ ಕನ್ನಡ ಸಾಹಿತ್ಯವೆಂದರೆ ಪಂಪ, ರನ್ನ, ಹರಿಹರ, ಕುಮಾರವ್ಯಾಸರ ಹೆಸರು ಮುಂದೆ ಬರುತ್ತದೆ. ಅದೇ ಶತಮಾನಗಳಲ್ಲಿ ಪದ್ಯದಲ್ಲೇ ರಚನೆಯಾದ ಶಾಸ್ತ್ರಗ್ರಂಥಗಳು ಮಾತ್ರ ಹೆಚ್ಚಾಗಿ ಸಂಶೋಧಕರ ಕಪಾಟಿನಲ್ಲೇ ಉಳಿದಿವೆ.

ಇವುಗಳಲ್ಲಿ ಮುಖ್ಯವಾದದ್ದು ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ ರಚನೆಯಾದ ಈ ಗ್ರಂಥ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಅಡುಗೆ, ದನಕರುಗಳ ಚಿಕಿತ್ಸೆ, ವಿಷವೈದ್ಯಗಳನ್ನು ಒಂದೆಡೆ ತರುತ್ತದೆ. ಅಂತರ್ಜಲದ ಭಾಗ ವಿಶೇಷವಾದದ್ದು. ಯಾವ ಮರದ ಬಳಿ ಹುತ್ತವಿದ್ದರೆ ಯಾವ ದಿಕ್ಕಿಗೆ, ಎಷ್ಟು ಆಳದಲ್ಲಿ ನೀರು ಸಿಕ್ಕೀತು ಎಂಬ ಲಕ್ಷಣಗಳು ಅಲ್ಲಿವೆ. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲೂ ಈ ವಿಚಾರ ಬರುತ್ತದೆ. ಗಿಡಮರ, ಮಣ್ಣು, ಹುಳುಹುಪ್ಪಟೆಗಳನ್ನು ಅಷ್ಟು ಗಮನವಿಟ್ಟು ನೋಡಿದವರ ತಿಳಿವಳಿಕೆ ಅಚ್ಚರಿ ಹುಟ್ಟಿಸುತ್ತದೆ.

ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ದಲ್ಲಿ ಕೊಡುಕೊಳ್ಳುವ ಲೆಕ್ಕವನ್ನು, ‘ಕ್ಷೇತ್ರಗಣಿತ’ದಲ್ಲಿ ಅಳತೆಯನ್ನು ಹೇಳಿದ್ದಾನೆ. ಅದೇ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ ದನಗಳ ರೋಗಗಳಿಗೇ ಮೀಸಲು.

ಮೂರನೆಯ ಮಂಗರಸನ ‘ಸೂಪಶಾಸ್ತ್ರ’ (ಸುಮಾರು 1508) ವಾರ್ಧಕ ಷಟ್ಪದಿಯಲ್ಲಿದೆ. ಕವಿ ಜೈನನಾದ್ದರಿಂದ ಮಾಂಸದಡುಗೆ ಇಲ್ಲ. ತಿಂಡಿ, ಪಾನಕ, ಅನ್ನದ ಬಗೆಗಳ ಜೊತೆಗೆ ಬದನೆಕಾಯಿ, ಹಲಸು, ಬಾಳೆಕಾಯಿಗಳ ಅಡುಗೆ ವಿವರವಾಗಿ ಬರುತ್ತದೆ.

ಕಾವ್ಯಗುಣದಲ್ಲಿ ಇವು ಪಂಪನ ಹತ್ತಿರವೂ ಸುಳಿಯುವುದಿಲ್ಲ, ನಿಜ. ಆದರೆ ಆ ಕಾಲದ ಮನೆ, ಹೊಲ, ಕೊಟ್ಟಿಗೆಗಳ ವಿವರ ಚಂಪೂಕಾವ್ಯಗಳಿಗಿಂತ ಇಲ್ಲಿ ಹೆಚ್ಚು ಸಿಗುತ್ತದೆ. ಹೊಸ ಓದುಗರು ‘ಸೂಪಶಾಸ್ತ್ರ’ದಿಂದಲೇ ತೊಡಗುವುದು ಒಳ್ಳೆಯದು, ಅದರ ಭಾಷೆ ‘ಲೋಕೋಪಕಾರ’ದ ಹಳಗನ್ನಡಕ್ಕಿಂತ ಸುಲಭ.