ಸೂಲಗಿತ್ತಿಯ ಪ್ರಮಾಣಪತ್ರ: ಹಾಸನ ಸೀಮೆಯಲ್ಲಿ ಸಂಶೋಧನೆಯ ನೆಲೆಗಳು

ಶುಶ್ರೂಷಾ ವೃತ್ತಿಯ ಪ್ರಮಾಣೀಕರಣವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕಾಯಿದೆ, ತರಬೇತಿ ಶಾಲೆ ಹಾಗೂ ನೋಂದಣಿಯ ಚರಿತ್ರೆಯಾಗಿ ಸಾಗಿವೆ. ಜಾನಪದ ಅಧ್ಯಯನವಾದರೋ ಸೂಲಗಿತ್ತಿಯನ್ನು ಹಾಡು, ಆಚರಣೆ, ಮನೆಮದ್ದುಗಳ ಮೂಲಕ ಕಂಡಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೆರಿಗೆಯ ಚರಿತ್ರೆಯನ್ನು ರಚಿಸಲು ಈ ಎರಡೂ ಧಾರೆಗಳು ಕೂಡಬೇಕು. ಏಕೆಂದರೆ ಸೂಲಗಿತ್ತಿಗೂ ಒಂದು ಪ್ರಮಾಣಪತ್ರವನ್ನು ಸರ್ಕಾರ ಕೊಟ್ಟಿತ್ತು.

ದಾಯಿಯರ ತರಬೇತಿಗಾಗಿ ಲೇಡಿ ಕರ್ಜನ್ ವಿಕ್ಟೋರಿಯಾ ಸ್ಮಾರಕ ನಿಧಿಯನ್ನು ಸ್ಥಾಪಿಸಿದ್ದು 1903ರಲ್ಲಿ. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. 1961ರಲ್ಲಿ ಮೈಸೂರು ರಾಜ್ಯವು ನರ್ಸ್, ಮಿಡ್‌ವೈಫ್ ಹಾಗೂ ಆರೋಗ್ಯ ಸಂದರ್ಶಕಿಯರಿಗಾಗಿ ತನ್ನದೇ ಕಾಯಿದೆಯನ್ನು ರೂಪಿಸಿತು. ಕಾಯಿದೆಯ ಮಿಡ್‌ವೈಫ್ ಪರೀಕ್ಷೆಯಲ್ಲಿ ಉತ್ತೀರ್ಣಳಾಗಿ ನೋಂದಣಿ ಪಡೆದವಳು. ಹಳ್ಳಿಯ ಸೂಲಗಿತ್ತಿ ತಾಯಿಯಿಂದಲೋ ಅತ್ತೆಯಿಂದಲೋ ಕೈಗುಣ ಪಡೆದವಳು.

ಈ ಅಂತರದ ನಡುವೆ ಬಂದುದು 1977ರ ಗ್ರಾಮೀಣ ಆರೋಗ್ಯ ಯೋಜನೆ. ಅದರಡಿ ದಾಯಿಗೆ 30 ಕೆಲಸದ ದಿನಗಳ ತರಬೇತಿ, 300 ರೂಪಾಯಿ ಭತ್ಯೆ, ಹೆರಿಗೆ ಸಾಮಗ್ರಿಯ ಪೆಟ್ಟಿಗೆ ಹಾಗೂ ಪ್ರಮಾಣಪತ್ರ ದೊರೆಯುತ್ತಿದ್ದವು. ಆದರೆ ಆ ಪತ್ರ ಕಲಿಕೆಗೆ ಸಾಕ್ಷಿಯಾಯಿತೇ ಹೊರತು ಪರಿಷತ್ತಿನ ನೋಂದಣಿಗೆ ಅರ್ಹತೆಯಾಗಲಿಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹಾಗೂ ಜನನಿ ಸುರಕ್ಷಾ ಯೋಜನೆಗಳು ಆಸ್ಪತ್ರೆಯ ಹೆರಿಗೆಗೆ ಒತ್ತು ಕೊಟ್ಟ ಮೇಲೆ ಸೂಲಗಿತ್ತಿಯ ಕೆಲಸವೇ ಕುಗ್ಗಿತು. ನೆರೆಯ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2014ರಲ್ಲಿ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಸಂದವು. ಅವು ವ್ಯಕ್ತಿಗೆ ಸಂದ ಮನ್ನಣೆಗಳು. ವೃತ್ತಿಯ ಸ್ಥಾನಮಾನದ ಪ್ರಶ್ನೆ ಹಾಗೆಯೇ ಉಳಿಯಿತು. 1947ರ ಕಾಯಿದೆಯ ಜಾಗದಲ್ಲಿ 2023ರ ರಾಷ್ಟ್ರೀಯ ಶುಶ್ರೂಷಾ ಮತ್ತು ಮಿಡ್‌ವೈಫರಿ ಆಯೋಗದ ಕಾಯಿದೆ ರೂಪುಗೊಂಡಿರುವುದರಿಂದ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ.

ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಕ್ಷೇತ್ರಕಾರ್ಯವು ಹಾಡಿನ ಸಂಗ್ರಹಕ್ಕೆ ನಿಲ್ಲದೆ ದಾಖಲೆಗಳತ್ತಲೂ ಹೊರಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ತರಬೇತಿ ಪಟ್ಟಿಗಳು ಒಂದು ಆಕರ. ಹೆರಿಗೆ ಮಾಡಿಸಿದವರು ಯಾರೆಂದು ಕೇಳುವ ಜನನ ವರದಿ ನಮೂನೆ ಇನ್ನೊಂದು. ಅದರಲ್ಲಿ ತರಬೇತಾದ ಮಿಡ್‌ವೈಫಿಗೆ ಒಂದು ವರ್ಗ, ಸಾಂಪ್ರದಾಯಿಕ ಸೂಲಗಿತ್ತಿಗೆ ಬೇರೊಂದು ವರ್ಗ. 30 ದಿನ ಕಲಿತ ಸೂಲಗಿತ್ತಿಯನ್ನು ಗುಮಾಸ್ತರು ಯಾವ ವರ್ಗಕ್ಕೆ ಸೇರಿಸಿದರು? ಉತ್ತರ ಊರಿಂದೂರಿಗೆ ಬೇರೆಯಾದರೆ, ಹೆರಿಗೆಯ ಅಂಕಿ ಅಂಶಗಳನ್ನೇ ಮರುಪರಿಶೀಲಿಸಬೇಕಾಗುತ್ತದೆ.

1977ರಲ್ಲಿ ನಡುವಯಸ್ಸಿನಲ್ಲಿದ್ದವರು ಇಂದು ತೊಂಬತ್ತರ ಆಸುಪಾಸಿನವರು. ಅವರ ಮಾತು, ಟ್ರಂಕಿನಲ್ಲಿ ಉಳಿದಿರಬಹುದಾದ ಆ ಪತ್ರ, ಕಚೇರಿಯ ಕಡತ, ಈ ಮೂರನ್ನೂ ಒಟ್ಟಿಗೆ ಓದುವ ಅವಕಾಶ ಹೆಚ್ಚು ಕಾಲ ಇರದು.