ನೋಡಲು ಹೊರಟವರ ಚರಿತ್ರೆ

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು, ಸರಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾದಾಗ ಎಲ್ಲೆಡೆ ಕೇಳಿಬಂದದ್ದು ನಗೆಮಾತುಗಳು. ಹೆಂಗಸರೆಲ್ಲ ಊರು ಸುತ್ತಲು ಹೊರಟರು, ಇನ್ನು ಮನೆಯಲ್ಲಿ ಒಲೆ ಹೊತ್ತಿಸುವವರಿಲ್ಲ ಎಂದು ಹಾಸ್ಯ ಮಾಡಿದವರು ಬಹಳ. ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಹೋಗುವವರನ್ನು ಕಂಡು ಯಾರೂ ನಗಲಿಲ್ಲ. ನಗು ಹುಟ್ಟಿದ್ದು, ಬರಿದೇ ನೋಡಲೆಂದು ಹೋದವರನ್ನು ಕಂಡು.

ನಮ್ಮ ಊರುಗಳ ಮಹಿಳಾ ಮಂಡಲಗಳು, ಮಹಿಳಾ ಕ್ಲಬ್ಬುಗಳು ವರ್ಷಕ್ಕೊಮ್ಮೆ ಹೊರಡಿಸುವ ಪ್ರವಾಸದ ಬಗ್ಗೆಯೂ ನಮ್ಮ ಮಾತು ಇದೇ ಧಾಟಿಯದು. ಮದುವೆ, ಬಾಣಂತನ, ಸಾವು- ಈ ಮೂರಕ್ಕಾಗಿ ಹೆಣ್ಣು ಹೊಸ್ತಿಲು ದಾಟಿದರೆ ಯಾರೂ ಪ್ರಶ್ನಿಸುವುದಿಲ್ಲ. ಗೋಲ್‌ಗುಂಬಜ್ ನೋಡಿ ಬರುತ್ತೇವೆ ಎಂದರೆ ಮಾತ್ರ, 'ಅಲ್ಲಿ ನಿಮಗೇನಿದೆ?' ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ.

ಮೊದಲು ನಮ್ಮ ಧರ್ಮದ ಮಾತನ್ನೇ ತೆಗೆದುಕೊಳ್ಳೋಣ. ಭೂಮಿಯಲ್ಲಿ ಸಂಚರಿಸಿ, ಹಿಂದಿನ ಜನಾಂಗಗಳ ಗತಿ ಏನಾಯಿತೆಂದು ನೋಡುವಂತೆ ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಆ ಕರೆ ಗಂಡಸರಿಗೆ ಮಾತ್ರ ಎಂದು ಎಲ್ಲಿಯೂ ಹೇಳಿಲ್ಲ. ಈದ್‌ನ ದಿನ ಮದೀನದ ಮಸೀದಿಯಲ್ಲಿ ಅಬಿಸೀನಿಯದವರು ಭರ್ಜಿಯ ಆಟ ಪ್ರದರ್ಶಿಸಿದಾಗ ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರಿಗೆ ಮರೆಯಾಗಿ ನಿಂತು ಅದನ್ನು ನೋಡಲು ಅವಕಾಶ ಮಾಡಿಕೊಟ್ಟ ಪ್ರಸಂಗ ಹದೀಸ್‌ಗಳಲ್ಲಿ ಪ್ರಸಿದ್ಧವಾಗಿದೆ. ಆಯಿಶಾ(ರ)ರಿಗೆ ಸಾಕೆನಿಸುವವರೆಗೂ ಪ್ರವಾದಿವರ್ಯರು(ಸ) ಅಲ್ಲಿಂದ ಕದಲಲಿಲ್ಲ. ಪರ್ದಾ ಇತ್ತು, ನೋಟವೂ ಇತ್ತು. ಎಷ್ಟು ಹೊತ್ತು ನೋಡಬೇಕೆಂದು ತೀರ್ಮಾನಿಸಿದ್ದು ನೋಡುವವರೇ.

ಮಹಿಳೆಯರ ತಂಡವೊಂದು ದೂರದೇಶಕ್ಕೆ ಹೊರಟ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಬಾಬರನ ಮಗಳು, ಅಕ್ಬರನ ಸೋದರತ್ತೆ ಗುಲ್‌ಬದನ್ ಬೇಗಂ 1575ರಲ್ಲಿ ಅರಮನೆಯ ಹಲವು ಮಹಿಳೆಯರ ಜತೆ ಫತೇಪುರ್ ಸಿಕ್ರಿಯಿಂದ ಹಜ್ಜ್‌ಗೆ ಹೊರಟರು. ಸೂರತ್‌ನಲ್ಲಿ ಕಾಯಬೇಕಾಯಿತು. ಹಡಗೇರಿ ಅರೇಬಿಯ ತಲುಪಿದ ಮೇಲೆ ಅಲ್ಲಿ ವರ್ಷಗಟ್ಟಲೆ ಉಳಿದರು. ಹಿಂದಿರುಗುವಾಗ ಹಡಗು ಅಪಘಾತಕ್ಕೀಡಾಗಿ ಏಡನ್‌ನಲ್ಲಿ ಬಹಳ ಕಾಲ ಸಿಲುಕಿಕೊಂಡರು. 1582ರಲ್ಲಿ ಮರಳಿ ಬಂದಾಗ ಹೊರಟು ಏಳು ವರ್ಷಗಳಾಗಿದ್ದವು. ಮುಂದೆ ಅಕ್ಬರನ ಕೋರಿಕೆಯಂತೆ ಅವರು 'ಹುಮಾಯೂನ್‌ನಾಮಾ' ಬರೆದರು. ಆದರೆ ನಮಗೆ ಉಳಿದಿರುವ ಅದರ ಹಸ್ತಪ್ರತಿ ನಡುವೆಯೇ ತುಂಡಾಗಿದೆ. ಅದರಲ್ಲಿ ಹಜ್ಜ್ ಯಾತ್ರೆಯ ಕಥೆ ಇಲ್ಲ. ಅಣ್ಣನ ಯುದ್ಧಗಳು ನಮಗೆ ಸಿಕ್ಕಿವೆ, ತಂಗಿಯ ಏಳು ವರ್ಷಗಳ ಪಯಣ ಸಿಕ್ಕಿಲ್ಲ. ಹೋಗಿ ನೋಡಿದರಷ್ಟೇ ಸಾಲದು, ಕಂಡದ್ದು ಬರವಣಿಗೆಯಲ್ಲಿ ಉಳಿಯಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಈ ಕೊರತೆಯನ್ನು ತುಂಬಿದವರು ಭೋಪಾಲದ ಬೇಗಮರು. 1863-64ರಲ್ಲಿ ಹಜ್ಜ್ ಮುಗಿಸಿ ಬಂದ ನವಾಬ್ ಸಿಕಂದರ್ ಬೇಗಂ ತಾವು ಕಂಡದ್ದನ್ನು ಬರೆದಿಟ್ಟರು. ಅದರ ಇಂಗ್ಲಿಷ್ ಅನುವಾದ 1870ರಲ್ಲಿ ಪ್ರಕಟವಾಯಿತು. ಮೊಮ್ಮಗಳು ಸುಲ್ತಾನ್ ಜಹಾನ್ ಬೇಗಂ ಕೂಡಾ ಹಜ್ಜ್ ಮಾಡಿ ಪ್ರವಾಸಕಥನ ಬರೆದರು. 1911ರಲ್ಲಿ ಬುರ್ಖಾ ಧರಿಸಿಯೇ ಯುರೋಪು ಸುತ್ತಿದರು. ಜತೆಗಿದ್ದ ಸೊಸೆ ಮೈಮೂನಾ ಸುಲ್ತಾನ್ ಆ ಪ್ರವಾಸವನ್ನು ಪುಸ್ತಕವಾಗಿಸಿದರು. ಭೋಪಾಲದಲ್ಲಿ ಪ್ರಿನ್ಸೆಸ್ ಆಫ್ ವೇಲ್ಸ್ ಲೇಡೀಸ್ ಕ್ಲಬ್ ಎಂಬ ಮಹಿಳಾ ಕ್ಲಬ್ ಸ್ಥಾಪಿಸಿದವರೂ ಇದೇ ಸುಲ್ತಾನ್ ಜಹಾನ್. ಮನೆಯೊಳಗೇ ಬದುಕುತ್ತಿದ್ದ ಮಹಿಳೆಯರು ಅಲ್ಲಿ ಪರ್ದಾಕ್ಕೆ ಭಂಗ ಬಾರದಂತೆ ಒಟ್ಟು ಸೇರಿ ಉಪನ್ಯಾಸ ಕೇಳುತ್ತಿದ್ದರು, ಹೊರಗಿನ ಲೋಕವನ್ನು ತಿಳಿಯುತ್ತಿದ್ದರು. ಇಂದಿನ ನಮ್ಮ ಮಹಿಳಾ ಸಂಘಗಳ ಹಿರಿಯಕ್ಕನೆಂದು ಇದನ್ನು ಕರೆಯಬಹುದು.

ಅವರೆಲ್ಲ ರಾಣಿಯರು, ಅವರನ್ನು ತಡೆಯುವವರು ಯಾರಿದ್ದರು ಎಂದು ಕೇಳಬಹುದು. ಸಾಮಾನ್ಯರ ಪಾಡನ್ನು ತಿಳಿಯಲು ಬಂಗಾಳದ ರುಕಿಯಾ ಸಖಾವತ್ ಹುಸೇನ್‌ರನ್ನು ಓದಬೇಕು. 1911ರಲ್ಲಿ ಕಲ್ಕತ್ತಾದಲ್ಲಿ ಎಂಟು ಹುಡುಗಿಯರೊಂದಿಗೆ ಶಾಲೆ ನಡೆಸತೊಡಗಿದ ಅವರು, 1931ರ 'ಅವರೋಧಬಾಸಿನಿ' ಕೃತಿಯಲ್ಲಿ ಶಾಲೆಯ ಬಸ್ಸಿನ ಪ್ರಸಂಗವೊಂದನ್ನು ಹೇಳಿದ್ದಾರೆ. ಪರ್ದಾಕ್ಕಾಗಿ ಆ ಬಸ್ಸನ್ನು ಗಾಳಿಯಾಡದಷ್ಟು ಮುಚ್ಚಲಾಗಿತ್ತು. ಕತ್ತಲೆಗೂ ಸೆಕೆಗೂ ಹುಡುಗಿಯರು ವಾಂತಿ ಮಾಡಿದರು, ಮೂರ್ಛೆ ಹೋದರು. ಕಿಟಕಿ ತೆರೆದು ಪರದೆ ಹಾಕಿಸಿದಾಗ, ಗಾಳಿಗೆ ಪರದೆ ಹಾರುತ್ತದೆ, ಬಸ್ಸು ಬೇಪರ್ದಾ ಆಯಿತು ಎಂಬ ಬೆದರಿಕೆಯ ಪತ್ರಗಳು ಬಂದವು. ಅಂದು ಜನ ಹೆದರಿದ್ದು ಹುಡುಗಿಯರು ಹೊರಗೆ ಕಾಣುತ್ತಾರೆಂದು. ಹುಡುಗಿಯರಿಗೆ ಹೊರಗಿನದು ಏನೂ ಕಾಣದೇ ಹೋಗುತ್ತದಲ್ಲ ಎಂಬ ಚಿಂತೆ ಯಾರಿಗೂ ಇರಲಿಲ್ಲ.

ಇದೇ ರುಕಿಯಾ 1904ರಲ್ಲಿ ಹಿಮಾಲಯದ ಪ್ರವಾಸದ ಬಗ್ಗೆ ಪ್ರಬಂಧವೊಂದನ್ನು ಬರೆದು, ಬಾವಿಕಪ್ಪೆಯ ಹಿಮಾಲಯ ದರ್ಶನ ಎಂಬರ್ಥದ ಹೆಸರಿಟ್ಟಿದ್ದರು. ಆ ಹೆಸರಿನಲ್ಲಿರುವ 'ಕೂಪಮಂಡೂಕ' ನಮಗೂ ಪರಿಚಿತ ಪದ. ನಾವು ಅದನ್ನು ಬೈಗುಳವಾಗಿ ಬಳಸುತ್ತೇವೆ. ಆದರೆ ಕಪ್ಪೆ ತಾನಾಗಿ ಬಾವಿಗೆ ಹಾರಿತೋ ಅಥವಾ ಯಾರಾದರೂ ಅದನ್ನು ಬಾವಿಯಲ್ಲಿಟ್ಟರೋ ಎಂದು ನಾವು ವಿಚಾರಿಸುವುದಿಲ್ಲ. ಲೋಕ ನೋಡಲು ಬಿಡದೆ, ಲೋಕಜ್ಞಾನವಿಲ್ಲವೆಂದು ಹೆಣ್ಣನ್ನು ದೂರುವುದು ನ್ಯಾಯವಲ್ಲ.

ಮಹ್ರಮ್ ಇಲ್ಲದೆ ಮಹಿಳೆ ಪ್ರಯಾಣಿಸಬಹುದೇ ಎಂಬ ಪ್ರಶ್ನೆ ಇಲ್ಲಿ ಸಹಜ. ಇದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ, ತೀರ್ಪು ನೀಡುವುದು ನಮ್ಮ ಕೆಲಸವಲ್ಲ. ಕಡ್ಡಾಯ ಹಜ್ಜ್‌ಗೆ ನಂಬಿಗಸ್ತ ಮಹಿಳೆಯರ ತಂಡದೊಂದಿಗೆ ಹೋಗಬಹುದೆಂಬ ಅಭಿಪ್ರಾಯ ನಮ್ಮ ಕರಾವಳಿಯಲ್ಲಿ ಪ್ರಚಲಿತವಿರುವ ಶಾಫಿಈ ಮದ್‌ಹಬ್‌ನಲ್ಲಿದೆ. 45 ದಾಟಿದ ಮಹಿಳೆಯರು ಕನಿಷ್ಠ ನಾಲ್ವರ ಗುಂಪಾಗಿ ಮಹ್ರಮ್ ಇಲ್ಲದೆ ಹಜ್ಜ್‌ಗೆ ಹೋಗಲು ಭಾರತ ಸರಕಾರ 2018ರಲ್ಲಿ ಅವಕಾಶ ಮಾಡಿಕೊಟ್ಟಿತು. ಹಜ್ಜ್ ಬೇರೆ, ಪ್ರವಾಸ ಬೇರೆ ನಿಜ. ಆದರೆ ಮಹಿಳೆಯರ ಗುಂಪೇ ಮಹಿಳೆಗೆ ರಕ್ಷಣೆಯಾಗಬಲ್ಲದು ಎಂಬ ವಿಚಾರ ನಮಗೆ ಹೊಸತಲ್ಲ. ತಂದೆಯನ್ನೋ ಮಗನನ್ನೋ ಜತೆಗೆ ಕರೆದೊಯ್ಯುವವರಿಗೂ ದಾರಿ ಮುಚ್ಚಿಲ್ಲ.

ಹಾಗಾದರೆ 'ಅಲ್ಲಿ ನಿಮಗೇನಿದೆ?' ಎಂಬ ಪ್ರಶ್ನೆಗೆ ಬರೋಣ. ಮಹಿಳಾ ಮಂಡಲವೊಂದು ಹಿಂದಿನ ಬಿಜಾಪುರಕ್ಕೆ, ಇಂದಿನ ವಿಜಯಪುರಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. 1580ರಲ್ಲಿ ಒಂದನೇ ಅಲಿ ಆದಿಲ್‌ಶಾಹ ತೀರಿಕೊಂಡ ಬಳಿಕ ಎಳೆಯ ಸುಲ್ತಾನನ ಪರವಾಗಿ ಚಾಂದ್‌ಬೀಬಿ ಆಡಳಿತ ನೋಡಿಕೊಂಡದ್ದು ಈ ನಗರದಲ್ಲಿ. ಮುಂದೆ ಮೊಗಲರ ಸೇನೆಯೆದುರು ಅಹ್ಮದ್‌ನಗರದ ಕೋಟೆಯನ್ನು ಕಾಪಾಡಿದವರು ಅವರೇ. ಚಾಂದ್ ಬಾವಡಿ ಅವರ ಹೆಸರನ್ನು ಹೊತ್ತಿದೆ. ತಾಜ್ ಬಾವಡಿ ಎರಡನೇ ಇಬ್ರಾಹೀಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾರ ಹೆಸರಿನದು. 1651ರ ಬೇಗಂ ತಾಲಾಬ್‌ನ ನೀರು ಕೊಳವೆಗಳ ಮೂಲಕ ನಗರಕ್ಕೆ ಹರಿಯುತ್ತಿತ್ತು. ಊರಿಗೆ ನೀರು ಕೊಟ್ಟ ತಾಣಗಳಲ್ಲಿ ಹೆಣ್ಣಿನ ಹೆಸರು ಉಳಿದಿದೆ ಎಂಬುದನ್ನು ಕೊಡ ಹೊತ್ತು ಗೊತ್ತಿರುವವರು ಬೇಗ ಗಮನಿಸುತ್ತಾರೆ.

ಇಬ್ರಾಹೀಂ ರೋಜಾಕ್ಕೆ ಬಂದಾಗ ಸುಲ್ತಾನನು ರಾಣಿಗಾಗಿ ಕಟ್ಟಿಸಲು ಹೊರಟ ಗೋರಿ ಇದು ಎಂಬ ಕಥೆ ಕೇಳಿಸುತ್ತದೆ. ಆದರೆ ಅಲ್ಲಿಯ ಪಾರ್ಸಿ ಶಾಸನದ ಪ್ರಕಾರ, ಇದನ್ನು ಕಟ್ಟಲು ಅಪ್ಪಣೆ ಕೊಟ್ಟವರು ತಾಜ್ ಸುಲ್ತಾನಾ, ಕೆಲಸ ನಡೆಸಿದವರು ಮಲಿಕ್ ಸಂದಲ್. ಕಟ್ಟಡದ ಹೆಸರಿನಲ್ಲಿ ಉಳಿದದ್ದು ರಾಜ, ಕಲ್ಲಿನಲ್ಲಿ ಉಳಿದದ್ದು ರಾಣಿ. ಗೋಡೆಯ ಬರಹವನ್ನು ವಿಚಾರಿಸದೆ ಫೋಟೋ ಮಾತ್ರ ತೆಗೆದು ಬಂದರೆ ಇದು ತಿಳಿಯುವುದೇ ಇಲ್ಲ.

ಆದ್ದರಿಂದ ಪ್ರವಾಸ ಹೊರಡುವ ಸಂಘಗಳಿಗೆ ನಮ್ಮದೊಂದು ವಿನಂತಿ. ಹೊರಡುವ ಮೊದಲು ಆ ಊರಿನ ಚರಿತ್ರೆಯನ್ನು ಬಲ್ಲವರಿಂದ ಕೇಳಿ ತಿಳಿಯಿರಿ. ಮನೆಯಿಂದ ಎಂದೂ ಹೊರಬೀಳದ ನೆರೆಯ ಅಜ್ಜಿಗೂ ಬಸ್ಸಿನಲ್ಲಿ ಒಂದು ಸೀಟು ಇಡಿ. ನಮ್ಮವರದೊಂದೇ ಅಲ್ಲ, ಪಟ್ಟದಕಲ್ಲು, ಬಾದಾಮಿಗಳನ್ನೂ ನೋಡಿ. ನೆರೆಹೊರೆಯ ಹಿಂದೂ, ಕ್ರೈಸ್ತ ಸಹೋದರಿಯರನ್ನೂ ಕರೆಯಿರಿ. ಹಿಂದಿರುಗಿದ ಮೇಲೆ ಪ್ರತಿಯೊಬ್ಬರೂ ತಾವು ಕಂಡದ್ದನ್ನು ಒಂದು ಪುಟವಾದರೂ ಬರೆದು ಸಂಘದ ಕಡತದಲ್ಲಿ ಸೇರಿಸಿ. ಬರೆಯಲು ಬಾರದವರ ಮಾತನ್ನು ಅವರ ಮಗಳೋ ಮೊಮ್ಮಗಳೋ ಬರೆದುಕೊಡಲಿ. ಗುಲ್‌ಬದನ್ ಬೇಗಮರ ಏಳು ವರ್ಷಗಳು ನಮಗೆ ಸಿಗಲಿಲ್ಲ; ನಮ್ಮ ತಾಯಂದಿರ ಎರಡು ದಿನಗಳಾದರೂ ಮುಂದಿನವರಿಗೆ ಸಿಗಲಿ.